ಒಂದೇ ಪಾತ್ರೆಯ ಊಟ

(ಶತಮಾನೋತ್ಸವದ ಅಂಗವಾಗಿ ಜರುಗಿದ ಕುಟುಂಬ ಸಮ್ಮೇಳನದಲ್ಲಿ ನಮ್ಮ ಧರ್ಮಕೇಂದ್ರದ ದಂಪತಿಗಳು ಮಾಡಿದ ಭಾಷಣದ ಪಾಠ)



ನಮ್ಮ ದೇವಾಲಯದ ನೂರು ವರ್ಷಗಳ ಇತಿಹಾಸವನ್ನೂ, ಇದನ್ನು ಕಟ್ಟಿ ಬೆಳೆಸಿದ ಹಿರಿಯರ ತ್ಯಾಗವನ್ನೂ ಕುರಿತು ವಿದ್ವಾಂಸರಾದವರು ಮಾತನಾಡಿದ ಈ ವೇದಿಕೆಯ ಮೇಲೆ ನಿಂತು ಅಡಿಗೆಯ ವಿಷಯ ಮಾತನಾಡುವುದು ಉಚಿತವೇ ಎಂದು ನಾವು ಬಹಳ ಹಿಂಜರಿದೆವು. ಆದರೆ ಕುಟುಂಬದ ಆರೋಗ್ಯವನ್ನು ಕುರಿತು ನಮ್ಮ ಅನುಭವವನ್ನು ಹೇಳಬೇಕೆಂದು ಗುರುಗಳು ಅಪ್ಪಣೆ ಮಾಡಿದಾಗ, ಹೇಳುವುದಕ್ಕೆ ನಮ್ಮಲ್ಲಿದ್ದದ್ದು ಒಂದು ಪಾತ್ರೆಯ ಕಥೆ ಮಾತ್ರ. ಅದನ್ನೇ ತಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮಿಬ್ಬರಲ್ಲಿ ಒಬ್ಬರಿಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಕೊಬ್ಬನ್ನೂ ಉಪ್ಪನ್ನೂ ಕಡಿಮೆ ಮಾಡಬೇಕೆಂದು ವೈದ್ಯರು ಕಟ್ಟಪ್ಪಣೆ ಮಾಡಿದರು. ಅಂದಿನಿಂದ ನಮ್ಮ ಮನೆಯಲ್ಲಿ ಎರಡು ಅಡಿಗೆಗಳು ಆರಂಭವಾದವು. ದೊಡ್ಡ ಪಾತ್ರೆಯಲ್ಲಿ ಎಲ್ಲರಿಗೂ ಮಾಂಸದ ಸಾರು. ಚಿಕ್ಕ ಪಾತ್ರೆಯಲ್ಲಿ ಒಬ್ಬರಿಗೆ ಸಪ್ಪೆ ಸಾರು, ಬೇಯಿಸಿದ ತರಕಾರಿ. ಹಬ್ಬದ ದಿನ ಮಕ್ಕಳೂ ಮೊಮ್ಮಕ್ಕಳೂ ಸಾಲಾಗಿ ಕುಳಿತು ಉಣ್ಣುತ್ತಿರುವಾಗ ರೋಗಿಯು ತನ್ನ ತಟ್ಟೆಯನ್ನು ಹಿಡಿದುಕೊಂಡು ಕಿಟಕಿಯ ಬಳಿಗೆ ಹೋಗಿ ಕೂರುತ್ತಿದ್ದುದನ್ನು ನಾವಿನ್ನೂ ಮರೆತಿಲ್ಲ. ಔಷಧಿಯ ಕಹಿಯನ್ನು ಹೇಗೋ ನುಂಗಬಹುದು. ಪಂಕ್ತಿಯಿಂದ ಹೊರಗಾದ ಕಹಿಯನ್ನು ನುಂಗುವುದು ಕಷ್ಟ. ಹೀಗೆ ಒಬ್ಬಂಟಿಯಾದ ಪಥ್ಯವು ಬಹುಕಾಲ ನಡೆಯುವುದೂ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ದೊಡ್ಡ ಪಾತ್ರೆಯ ಮುಚ್ಚಳ ತೆರೆಯುವ ಸದ್ದು ಕೇಳಿಸತೊಡಗುತ್ತದೆ. ನಮ್ಮ ಮನೆಯಲ್ಲೂ ಕೇಳಿಸಿತು.

ಈ ಎರಡು ಪಾತ್ರೆಗಳನ್ನು ಒಂದು ಮಾಡುವ ದಾರಿಯನ್ನು ನಾವು ಕಂಡುಕೊಂಡದ್ದು ದೂರದ ಟೆಕ್ಸಸ್ ರಾಜ್ಯದಲ್ಲಿ. ಅಲ್ಲಿಯ ಸ್ಯಾನ್ ಆಂಟೋನಿಯೊ ನಗರದಲ್ಲಿರುವ ಮಗಳ ಮನೆಯಲ್ಲಿ ನಾವು ಕೆಲವು ತಿಂಗಳುಗಳ ಕಾಲ ಇದ್ದೆವು. ಆ ಊರಿನವರು 'ಚಿಲ್ಲಿ' ಎಂದು ಕರೆಯುವ ಒಂದು ಅಡಿಗೆಯುಂಟು. ಪೂರ್ಣ ಹೆಸರು ಸ್ಪ್ಯಾನಿಷ್ ಭಾಷೆಯ 'ಚಿಲೆ ಕೋನ್ ಕಾರ್ನೆ', ಅಂದರೆ ಮಾಂಸ ಬೆರೆತ ಮೆಣಸಿನಕಾಯಿ. ನಮ್ಮ ಕಡೆಯ ಹೋಟೆಲುಗಳಲ್ಲಿ ಚಿಲ್ಲಿ ಎಂದರೆ ಹುರಿದ ಒಣ ಪದಾರ್ಥ. ಅದು ಬೇರೆ, ಇದು ಬೇರೆ. ಇದು ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿಗಳೊಡನೆ ದನದ ಮಾಂಸವನ್ನು ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದ ಗಟ್ಟಿ ಸಾರು.

ಆ ನಗರದ ಹುಟ್ಟು ನಮ್ಮ ಧರ್ಮಸಭೆಯ ಚರಿತ್ರೆಯೊಡನೆ ಸೇರಿಕೊಂಡಿದೆ. 1718ರಲ್ಲಿ ಅಲ್ಲಿ ಸಂತ ಅಂತೋಣಿಯವರ ಹೆಸರಿನ ಮಿಷನ್ ಸ್ಥಾಪನೆಯಾಯಿತು. 1731ರಲ್ಲಿ ಕ್ಯಾನರಿ ದ್ವೀಪಗಳಿಂದ ಬಂದ ಕುಟುಂಬಗಳು ನೆಲೆಸಿ ಸ್ಯಾನ್ ಫರ್ನಾಂಡೊ ಧರ್ಮಕೇಂದ್ರಕ್ಕೆ ಅಡಿಪಾಯ ಹಾಕಿದವು. ಇಂದು ಅಲ್ಲಿ ಪ್ರಧಾನಾಲಯವಿದೆ. ಅದರ ಹಿಂಭಾಗದಲ್ಲಿರುವ ಮಿಲಿಟರಿ ಪ್ಲಾಜಾ ಎಂಬ ಚೌಕದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಂಜೆಯಾಗುತ್ತಲೇ ಮೆಕ್ಸಿಕನ್ ಮೂಲದ ಬಡ ಹೆಂಗಸರು ಮೇಜುಗಳನ್ನು ಹಾಕಿ, ದೀಪ ಹಚ್ಚಿ, ಮನೆಯಿಂದ ಬೇಯಿಸಿ ತಂದ ಚಿಲ್ಲಿಯನ್ನು ಕೆಲವೇ ಕಾಸುಗಳಿಗೆ ಬಡಿಸುತ್ತಿದ್ದರು. ಊರಿನವರು ಅವರನ್ನು 'ಚಿಲ್ಲಿ ರಾಣಿಯರು' ಎಂದು ಕರೆದರು. 1893ರ ಷಿಕಾಗೋ ಜಾಗತಿಕ ಪ್ರದರ್ಶನದಲ್ಲಿ ಸ್ಯಾನ್ ಆಂಟೋನಿಯೊ ಚಿಲ್ಲಿಯ ಅಂಗಡಿಯನ್ನು ತೆರೆದಾಗ ಬಡವರ ಈ ಅಡಿಗೆಯು ದೇಶಕ್ಕೆಲ್ಲ ಪರಿಚಯವಾಯಿತು. ಆರೋಗ್ಯ ಇಲಾಖೆಯ ಕಟ್ಟಳೆಗಳ ಕಾರಣ 1930ರ ದಶಕದ ಕೊನೆಯಲ್ಲಿ ಆ ರಾಣಿಯರ ಬಯಲು ರಾಜ್ಯವು ಮುಗಿಯತೊಡಗಿ ಕೆಲವೇ ವರ್ಷಗಳಲ್ಲಿ ಕಣ್ಮರೆಯಾಯಿತು. ಅಡಿಗೆ ಮಾತ್ರ ಉಳಿಯಿತು. 1977ರಲ್ಲಿ ಟೆಕ್ಸಸ್ ಶಾಸನಸಭೆಯು ಇದನ್ನು ರಾಜ್ಯದ ಅಧಿಕೃತ ಖಾದ್ಯವೆಂದು ಘೋಷಿಸಿತು.

ಆ ಪಾತ್ರೆಯೊಳಗೆ ಎರಡು ಜಗತ್ತುಗಳು ಬೆರೆತಿವೆ. ಮೆಣಸಿನಕಾಯಿ, ಟೊಮೇಟೊ ಮತ್ತು ರಾಜ್ಮಾ ಕಾಳು ಅಮೆರಿಕಾ ಖಂಡದ ಬೆಳೆಗಳು. ದನಗಳು ಆ ಖಂಡವನ್ನು ಮೊದಲು ಕಂಡದ್ದು 1493ರಲ್ಲಿ, ಕೊಲಂಬಸನ ಎರಡನೆಯ ಯಾತ್ರೆಯ ಹಡಗುಗಳಲ್ಲಿ. ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆಗಳೂ ಹಳೆಯ ಜಗತ್ತಿನಿಂದಲೇ ಹೋದವು. ಅಲ್ಲಿಂದ ಹೊರಟ ಮೆಣಸಿನಕಾಯಿ ಪೋರ್ತುಗೀಸರ ಹಡಗುಗಳ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದು ಸೇರಿತು. ಅದಕ್ಕೆ ಮೊದಲು ನಮ್ಮ ಹಿರಿಯರಿಗೆ ಖಾರವೆಂದರೆ ಮುಖ್ಯವಾಗಿ ಮೆಣಸು. ಹೊಸದಾಗಿ ಬಂದದ್ದನ್ನು 'ಮೆಣಸಿನಕಾಯಿ' ಎಂದು ಕರೆದರು. ಹಳೆಯದು 'ಕರಿಮೆಣಸು' ಆಯಿತು. ಇಂದು ಬ್ಯಾಡಗಿ ಮೆಣಸಿನಕಾಯಿಯಿಲ್ಲದ ಅಡಿಗೆಮನೆಯನ್ನು ಕಲ್ಪಿಸಿಕೊಳ್ಳುವುದೂ ನಮಗೆ ಸಾಧ್ಯವಿಲ್ಲ. ಆದುದರಿಂದ ಸ್ಯಾನ್ ಆಂಟೋನಿಯೊದ ಚಿಲ್ಲಿಯ ಮುಂದೆ ಕುಳಿತಾಗ ನಮಗೆ ಪರದೇಶದ ಅಡಿಗೆಯ ಮುಂದೆ ಕುಳಿತಂತೆ ಅನ್ನಿಸಲಿಲ್ಲ. ದೂರದ ನೆಂಟರ ಮನೆಗೆ ಹೋದಂತೆ ಅನ್ನಿಸಿತು.

ಆದರೆ ಹಳೆಯ ಕ್ರಮದ ಚಿಲ್ಲಿಯು ಹೃದ್ರೋಗಿಗೆ ಮಿತ್ರನಲ್ಲ. ಮಾಂಸದೊಡನೆ ದನದ ಗಟ್ಟಿ ಕೊಬ್ಬನ್ನೂ ಕರಗಿಸಿ ಸೇರಿಸುವುದು ಹಿಂದಿನ ಪದ್ಧತಿ. ಈ ವಿಷಯದಲ್ಲಿ ನಮಗೆ ಧೈರ್ಯ ತಂದದ್ದು ಅಮೆರಿಕಾದ ರಾಷ್ಟ್ರಾಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಮನೆಯ ಪಾಕ. ಟೆಕ್ಸಸ್‌ನಲ್ಲಿ ಹುಟ್ಟಿ ಬೆಳೆದ ಅವರಿಗೆ ಚಿಲ್ಲಿಯ ಮೇಲೆ ಬಹಳ ಪ್ರೀತಿ. 1955ರ ಜುಲೈ ತಿಂಗಳಲ್ಲಿ ಅವರಿಗೆ ತೀವ್ರ ಹೃದಯಾಘಾತವಾಯಿತು. ಆದರೂ ಅವರ ಮನೆಯಲ್ಲಿ ಚಿಲ್ಲಿಯು ನಿಲ್ಲಲಿಲ್ಲ. ಪಾಕವನ್ನು ಕೇಳಿ ಬರುವ ಪತ್ರಗಳು ಹೆಚ್ಚಾದಾಗ ಅವರ ಪತ್ನಿ ಲೇಡಿ ಬರ್ಡ್ ಅವರು ಅದನ್ನು ಕಾರ್ಡುಗಳಲ್ಲಿ ಅಚ್ಚುಹಾಕಿಸಿ ಕಳುಹಿಸುತ್ತಿದ್ದರು. ತಮ್ಮ ಜಮೀನಿನ ಪಕ್ಕದಲ್ಲಿ ಹರಿಯುವ ಪೆಡರ್ನೇಲ್ಸ್ ನದಿಯ ಹೆಸರನ್ನೇ ಅದಕ್ಕಿಟ್ಟಿದ್ದರು. ಆ ಪಾಕದಲ್ಲಿ ಗಟ್ಟಿ ಕೊಬ್ಬಿನ ಸುದ್ದಿಯೇ ಇಲ್ಲ. ಕೊಬ್ಬು ಚೆನ್ನಾಗಿ ತೆಗೆದ ಮಾಂಸವನ್ನು ಬಳಸಬೇಕು, ಬೇಯುವಾಗ ಮೇಲೆ ತೇಲುವ ಕೊಬ್ಬನ್ನು ತೆಗೆದುಹಾಕಬೇಕು ಎಂದು ಅದು ಹೇಳುತ್ತದೆ. ಮನೆಯ ಯಜಮಾನನಿಗೆ ಬೇರೆ ಸಪ್ಪೆ ಪಾತ್ರೆಯನ್ನಿಡದೆ, ಎಲ್ಲರ ಪಾತ್ರೆಯನ್ನೇ ಅವನಿಗೆ ಒಗ್ಗುವಂತೆ ಮಾಡಿದ ಆ ಗೃಹಿಣಿಯ ಜಾಣ್ಮೆಯನ್ನು ನಾವು ಮೆಚ್ಚಿಕೊಂಡೆವು.

ಆದರೆ ಆ ಪಾಕದಲ್ಲಿ ಕಾಳಿಲ್ಲ. ಟೆಕ್ಸಸ್‌ನ ಸಂಪ್ರದಾಯಸ್ಥರು ಚಿಲ್ಲಿಗೆ ಕಾಳು ಹಾಕುವುದನ್ನು ಅಪಚಾರವೆಂದೇ ಭಾವಿಸುತ್ತಾರೆ. ಅಲ್ಲಿಯ ಟೆರ್ಲಿಂಗ್ವಾ ಎಂಬ ಹಳ್ಳಿಯಲ್ಲಿ 1967ರಲ್ಲಿ ಚಿಲ್ಲಿ ಅಡಿಗೆಯ ಸ್ಪರ್ಧೆಗಳು ಆರಂಭವಾದವು. ಅಂತಹ ಸ್ಪರ್ಧೆಗಳಲ್ಲಿ ಕಾಳು ನಿಷಿದ್ಧ. ಇದನ್ನು ಕೇಳಿ ನಾವು ನಕ್ಕೆವು. ಸ್ಪರ್ಧೆಯ ತೀರ್ಪುಗಾರರಿಗೆ ಕಾಳು ಬೇಡವಾಗಿರಬಹುದು. ಕುಟುಂಬದ ವೈದ್ಯರಿಗೆ ಬೇಕು. ಬೆಂದ ರಾಜ್ಮಾ ಕಾಳು 100 ಗ್ರಾಂ ತೆಗೆದುಕೊಂಡರೆ ಅದರಲ್ಲಿ ಸುಮಾರು 9 ಗ್ರಾಂ ಸಸಾರಜನಕ, 6ರಿಂದ 7 ಗ್ರಾಂ ನಾರು ಇರುತ್ತದೆ. ಕೊಬ್ಬು ಒಂದು ಗ್ರಾಂ ಕೂಡ ಇಲ್ಲ. ಮಾಂಸದಲ್ಲಿ ನಾರು ಸ್ವಲ್ಪವೂ ಇಲ್ಲ. ಕಾಳಿನ ಪಿಷ್ಟವು ನಿಧಾನವಾಗಿ ಜೀರ್ಣವಾಗುವುದರಿಂದ ರಕ್ತದ ಸಕ್ಕರೆಯು ಒಮ್ಮೆಲೇ ಏರುವುದಿಲ್ಲ. ಮಧುಮೇಹಿಗಳಿಗೆ ಇದು ದೊಡ್ಡ ಅನುಕೂಲ.

ಹಾಗಾದರೆ ಮಾಂಸವನ್ನು ಪೂರ್ತಿ ಬಿಟ್ಟುಬಿಡಬೇಕೇ? ತಪಸ್ಸುಕಾಲದ ಶುಕ್ರವಾರಗಳಲ್ಲಿ ಅಲ್ಲಿಯ ಕಥೋಲಿಕ ಮನೆಗಳಲ್ಲಿ ಕಾಳಿನ ಚಿಲ್ಲಿಯನ್ನು ಮಾಡುವುದುಂಟು, ಅದೂ ರುಚಿಯೇ. ಉಳಿದ ದಿನಗಳಲ್ಲಿ ಸ್ವಲ್ಪ ಮಾಂಸಕ್ಕೆ ಅದರದೇ ಕೆಲಸವಿದೆ. ಕಾಳಿನಲ್ಲಿರುವ ಕಬ್ಬಿಣದ ಅಂಶವನ್ನು ನಮ್ಮ ದೇಹವು ಸುಲಭವಾಗಿ ಹೀರಿಕೊಳ್ಳಲಾರದು. ಅದೇ ಊಟದಲ್ಲಿ ಸ್ವಲ್ಪ ಮಾಂಸವೂ, ಟೊಮೇಟೊ ಅಥವಾ ನಿಂಬೆಯ ಸಿ ಜೀವಸತ್ವವೂ ಇದ್ದರೆ ಹೆಚ್ಚು ಹೀರಿಕೊಳ್ಳುತ್ತದೆ. ರಕ್ತಹೀನತೆಯಿಂದ ಬಳಲುವ ತಾಯಂದಿರೂ ಬೆಳೆಯುವ ಹೆಣ್ಣುಮಕ್ಕಳೂ ಇದನ್ನು ನೆನಪಿಡಬೇಕು. ಮಾಂಸದಲ್ಲಿರುವ ಬಿ-12 ಜೀವಸತ್ವವು ಕಾಳಿನಲ್ಲಿಲ್ಲ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2015ರಲ್ಲಿ ಕೆಂಪು ಮಾಂಸವನ್ನು ಬಹುಶಃ ಕ್ಯಾನ್ಸರ್ ತರಬಲ್ಲ ಪದಾರ್ಥಗಳ ವರ್ಗಕ್ಕೆ ಸೇರಿಸಿದೆ. ಆದುದರಿಂದ ನಾವು ಮಾಡಿಕೊಂಡ ನಿಯಮ ಇಷ್ಟೇ: ಹೊಟ್ಟೆ ತುಂಬಿಸುವ ಕೆಲಸ ಕಾಳಿನದು, ರುಚಿ ಕೊಡುವ ಕೆಲಸ ಮಾಂಸದ್ದು.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಲೇಬೇಕು. ಮಗಳು ಚಿಲ್ಲಿಗೆ ಡಬ್ಬದಲ್ಲಿ ಬರುವ ಕಾಳನ್ನು ಬಳಸುತ್ತಿದ್ದಳು. ಆ ಡಬ್ಬಗಳಲ್ಲಿ ಉಪ್ಪು ಹೆಚ್ಚು. ಹೃದ್ರೋಗಿಯ ಹಿತಕ್ಕಾಗಿ ಒಣ ಕಾಳನ್ನೇ ಬಳಸೋಣವೆಂದು ನಾವು ನಿಶ್ಚಯಿಸಿದೆವು. ಮೊಮ್ಮಗಳ ಪ್ರಥಮ ಪರಮಪ್ರಸಾದ ಸ್ವೀಕಾರದ ದಿನ ಮಧ್ಯಾಹ್ನದ ಊಟಕ್ಕೆ ಅತಿಥಿಗಳು ಬರುವವರಿದ್ದರು. ರಾತ್ರಿಯೆಲ್ಲ ನೆನೆಹಾಕಿದ ರಾಜ್ಮಾವನ್ನು ಮುಂಜಾನೆ ಮಾಂಸ, ಮಸಾಲೆಗಳೊಡನೆ ವಿದ್ಯುತ್ತಿನ ಮಂದಪಾಕದ ಪಾತ್ರೆಗೆ ಹಾಕಿ, ಅತಿ ಕಡಿಮೆ ಶಾಖದಲ್ಲಿಟ್ಟು ನಾವೆಲ್ಲ ಬಲಿಪೂಜೆಗೆ ಹೋದೆವು. ಮರಳಿ ಬಂದಾಗ ಮನೆಯೆಲ್ಲ ಘಮಘಮಿಸುತ್ತಿತ್ತು. ಕಾಳು ಸ್ವಲ್ಪ ಗಟ್ಟಿಯಿದ್ದರೂ ಯಾರೂ ಅದನ್ನು ಎಣಿಸಲಿಲ್ಲ. ಎಲ್ಲರೂ ಹೊಗಳಿ ಉಂಡರು. ಎರಡು ಮೂರು ಗಂಟೆಗಳೊಳಗೆ ಒಬ್ಬೊಬ್ಬರಿಗೇ ವಾಂತಿ ಆರಂಭವಾಯಿತು. ಬಿಳಿಯ ಉಡುಪಿನಲ್ಲಿದ್ದ ಮಗುವು ಹೊಟ್ಟೆ ಹಿಡಿದುಕೊಂಡು ಅತ್ತದ್ದನ್ನು ನೆನೆದರೆ ಈಗಲೂ ನಮ್ಮ ಮನಸ್ಸು ಮುದುಡುತ್ತದೆ.

ದೇವರ ದಯೆಯಿಂದ ಮರುದಿನದ ಹೊತ್ತಿಗೆ ಎಲ್ಲರೂ ಗುಣವಾದರು. ಆದರೆ ನಾವು ಆ ರಾತ್ರಿಯೇ ಅಪರಾಧಿಯನ್ನು ಹುಡುಕಿಬಿಟ್ಟಿದ್ದೆವು: ಮಾಂಸದ ಅಂಗಡಿಯವನು! ಅವನು ಹಳಸಿದ ಮಾಂಸವನ್ನು ಕೊಟ್ಟನೆಂದು ನಾಲ್ಕಾರು ಮನೆಗಳಲ್ಲಿ ಹೇಳಿಯೂ ಬಿಟ್ಟೆವು. ನೆರೆಮನೆಯಲ್ಲಿದ್ದ ಮೆಕ್ಸಿಕನ್ ಮೂಲದ ಅಜ್ಜಿಯೊಬ್ಬರು ಎಲ್ಲವನ್ನೂ ಕೇಳಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಕಾಳು ಕುದಿಯಿತೇ?" ನಮ್ಮ ಬಳಿ ಉತ್ತರವಿರಲಿಲ್ಲ. ಆ ಪಾತ್ರೆಯಲ್ಲಿ ಅದು ಬೆಚ್ಚಗಾಗಿತ್ತೇ ಹೊರತು ಒಮ್ಮೆಯೂ ಕೊತಕೊತನೆ ಕುದಿದಿರಲಿಲ್ಲ.

ಹಸಿಯ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ಜಾತಿಗೆ ಸೇರಿದ ಒಂದು ವಿಷಾಂಶವಿದೆ. ನಾಲ್ಕೈದು ಹಸಿ ಕಾಳುಗಳೇ ಮನುಷ್ಯನನ್ನು ಅಸ್ವಸ್ಥಗೊಳಿಸಬಲ್ಲವು. ಚೆನ್ನಾಗಿ ಕುದಿಸಿದರೆ ಅದು ನಾಶವಾಗುತ್ತದೆ; ಆದರೆ ಸುಮಾರು 80 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರೆಬೆಂದ ಕಾಳು ಹಸಿಯ ಕಾಳಿಗಿಂತಲೂ ಹೆಚ್ಚು ಅಪಾಯಕಾರಿಯಾಗಬಹುದು. ಮಂದಪಾಕದ ಪಾತ್ರೆಯು ಕೊಡುವುದು ಅಂತಹ ಶಾಖವನ್ನೇ. ಡಬ್ಬದ ಕಾಳು ಮೊದಲೇ ಪೂರ್ತಿ ಬೆಂದಿರುವುದರಿಂದ ಮಗಳಿಗೆ ಎಂದೂ ಈ ತೊಂದರೆಯಾಗಿರಲಿಲ್ಲ. ಹೃದಯವನ್ನು ಕಾಪಾಡಲು ಹೊರಟ ನಾವು ಒಂದು ನಿಯಮವನ್ನು ತಿಳಿಯದೆ ಇಡೀ ಮನೆಯನ್ನು ಹಾಸಿಗೆ ಹಿಡಿಸಿದ್ದೆವು. ನಿರಪರಾಧಿಯಾದವನ ಹೆಸರನ್ನೂ ಕೆಡಿಸಿದ್ದೆವು. ಅಂಗಡಿಗೆ ಹೋಗಿ ಕ್ಷಮೆ ಕೇಳಿದೆವು. ಮಾತು ಮುಟ್ಟಿಸಿದ್ದ ಮನೆಗಳಿಗೂ ಹೋಗಿ ಅದನ್ನು ಹಿಂತೆಗೆದುಕೊಂಡೆವು. ಮೊದಲನೆಯದಕ್ಕಿಂತ ಎರಡನೆಯದು ಕಷ್ಟವಾಯಿತು.

ಈಗ ನಾವು ಮಾಡುವ ಕ್ರಮವನ್ನು ಹೇಳುತ್ತೇವೆ. ಎಂಟು ಜನರಿಗೆ 300 ಗ್ರಾಂ ಒಣ ರಾಜ್ಮಾ, 300 ಗ್ರಾಂ ಕೊಬ್ಬು ತೆಗೆದ ಮಾಂಸ. ರಾಜ್ಮಾವನ್ನು ಇಡೀ ರಾತ್ರಿ ನೆನೆಯಿಟ್ಟು, ಆ ನೀರನ್ನು ಚೆಲ್ಲಬೇಕು. ಹೊಸ ನೀರಿನಲ್ಲಿ ಅರ್ಧ ಗಂಟೆಯಾದರೂ ಕೊತಕೊತನೆ ಕುದಿಸಿ, ಅನಂತರ ಬೆರಳಿನಿಂದ ಒತ್ತಿದರೆ ಹಿಟ್ಟಾಗುವವರೆಗೆ ಬೇಯಿಸಬೇಕು. ಪ್ರೆಷರ್ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿದರೂ ಸರಿಯೇ. ಅದರ ಶಾಖ ಕುದಿಯುವ ನೀರಿಗಿಂತ ಹೆಚ್ಚು. ಕಾಳು ಮೆತ್ತಗಾಗುವ ಮೊದಲು ಟೊಮೇಟೊ ಸೇರಿಸಬಾರದು. ಹುಳಿ ಬಿದ್ದರೆ ಕಾಳು ಬೇಯಲು ಹಟ ಮಾಡುತ್ತದೆ.

ದಪ್ಪ ತಳದ ಪಾತ್ರೆಯನ್ನು ಚೆನ್ನಾಗಿ ಕಾಯಿಸಿ, ಕೈಮಾ ಮಾಡಿದ ಅಥವಾ ಸಣ್ಣಗೆ ಹೆಚ್ಚಿದ ಮಾಂಸವನ್ನು ಎಣ್ಣೆ ಹಾಕದೆ, ಸ್ವಲ್ಪ ಸ್ವಲ್ಪವಾಗಿ ಕಂದು ಬಣ್ಣ ಬರುವಂತೆ ಹುರಿಯಬೇಕು. ಒಮ್ಮೆಲೇ ಸುರಿದರೆ ನೀರು ಬಿಟ್ಟುಕೊಂಡು ಬೆಂದೀತೇ ಹೊರತು ಹುರಿಯದು. ಬಿಟ್ಟ ಕೊಬ್ಬನ್ನು ಬಸಿದುಬಿಡಬೇಕು. ಅದೇ ಪಾತ್ರೆಯಲ್ಲಿ ಎರಡು ದೊಡ್ಡ ಚಮಚ ಎಣ್ಣೆ ಹಾಕಿ, ಮೂರು ಈರುಳ್ಳಿ, ಎಂಟು ಎಸಳು ಬೆಳ್ಳುಳ್ಳಿ, ಎರಡು ದೊಣ್ಣೆಮೆಣಸಿನಕಾಯಿಗಳನ್ನು ಹೆಚ್ಚಿ ಬಾಡಿಸಬೇಕು. ಉರಿ ತಗ್ಗಿಸಿ ಎರಡು ದೊಡ್ಡ ಚಮಚ ಬ್ಯಾಡಗಿ ಮೆಣಸಿನಕಾಯಿ ಪುಡಿ, ಎರಡು ಸಣ್ಣ ಚಮಚ ಹುರಿದ ಜೀರಿಗೆಯ ಪುಡಿ ಸೇರಿಸಿ ಅರ್ಧ ನಿಮಿಷ ಕೈಯಾಡಿಸಬೇಕು. ಅಲ್ಲಿಯವರು ಓರೆಗಾನೊ ಎಂಬ ಒಣ ಎಲೆಯನ್ನೂ ಒಂದು ಚಮಚ ಹಾಕುತ್ತಾರೆ. ಟೆಕ್ಸಸ್‌ನಲ್ಲಿ ಬಳಸುವ ಒಣಮೆಣಸಿನಕಾಯಿಗಳಲ್ಲಿ ಬಣ್ಣ ಹೆಚ್ಚು, ಖಾರ ಮಿತ. ನಮ್ಮ ಬ್ಯಾಡಗಿಯ ಗುಣವೂ ಅದೇ. ಅನಂತರ ಅರ್ಧ ಕಿಲೋ ಹೆಚ್ಚಿದ ಟೊಮೇಟೊ, ಮಾಂಸ, ಬೆಂದ ಕಾಳು ಮತ್ತು ಎರಡು ಲೋಟ ಬಿಸಿನೀರು ಸೇರಿಸಿ ಸಣ್ಣ ಉರಿಯಲ್ಲಿ ಒಂದು ಗಂಟೆ ಬೇಯಿಸಬೇಕು. ಒಂದು ಹಿಡಿ ಕಾಳನ್ನು ಅರೆದು ಸೇರಿಸಿದರೆ ಸಾರು ತಾನಾಗಿಯೇ ಗಟ್ಟಿಯಾಗುತ್ತದೆ.

ಉಪ್ಪು ಒಂದೂವರೆ ಸಣ್ಣ ಚಮಚ, ಅದೂ ಕೊನೆಯಲ್ಲಿ. ತಲಾ ಒಂದು ಗ್ರಾಮಿಗಿಂತ ತುಸು ಹೆಚ್ಚು ಬೀಳುತ್ತದೆ. ದಿನಕ್ಕೆ 5 ಗ್ರಾಂ ಒಳಗೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಉಪ್ಪು ಕಡಿಮೆಯೆನ್ನಿಸಿದವರು ನಿಂಬೆಹಣ್ಣನ್ನು ಹಿಂಡಿಕೊಳ್ಳಲಿ. ಹುಳಿಯು ಉಪ್ಪಿನ ಕೊರತೆಯನ್ನು ಮರೆಸುತ್ತದೆ. ಗಿಣ್ಣು, ಕೆನೆಗಳ ಬದಲು ಹೆಚ್ಚಿದ ಈರುಳ್ಳಿ, ಕೊತ್ತಂಬರಿ ಸೊಪ್ಪು, ಒಂದು ಚಮಚ ಮೊಸರು ಸಾಕು. ಹಿಂದಿನ ದಿನವೇ ಮಾಡಿ ತಂಗಳುಪೆಟ್ಟಿಗೆಯಲ್ಲಿಟ್ಟರೆ ಉಳಿದ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ತೆಗೆದುಹಾಕುವುದೂ ಸುಲಭ, ಮರುದಿನ ರುಚಿಯೂ ಹೆಚ್ಚು. ಹೀಗೆ ಮಾಡಿದ ಒಂದು ಪಾಲಿನಲ್ಲಿ ಸುಮಾರು 15 ಗ್ರಾಂ ಸಸಾರಜನಕವೂ 6 ಗ್ರಾಂ ನಾರೂ ಇರುತ್ತದೆ. ಮಾಂಸವು 40 ಗ್ರಾಮನ್ನೂ ಮೀರುವುದಿಲ್ಲ. ಮೂತ್ರಪಿಂಡದ ತೊಂದರೆಯುಳ್ಳವರು ಮಾತ್ರ ಕಾಳಿನ ವಿಷಯದಲ್ಲಿ ತಮ್ಮ ವೈದ್ಯರನ್ನು ಕೇಳಿಯೇ ಉಣ್ಣಬೇಕು.

ಟೆಕ್ಸಸ್‌ನಲ್ಲಿ ಇದಕ್ಕೆ ದನದ ಮಾಂಸವೇ ಸರಿ. ನಮ್ಮ ರಾಜ್ಯದ 2020ರ ಕಾಯಿದೆಯಂತೆ ಹಸು, ಎತ್ತು, ಕರುಗಳ ವಧೆ ಇಲ್ಲಿ ನಿಷಿದ್ಧ. 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ಆ ನಿಷೇಧ ಅನ್ವಯಿಸುವುದಿಲ್ಲ. ಆದುದರಿಂದ ಊರಿಗೆ ಬಂದ ಮೇಲೆ ನಾವು ಕೊಬ್ಬು ತೆಗೆಸಿದ ಕುರಿಮಾಂಸದಲ್ಲೋ ಕೋಳಿಯಲ್ಲೋ ಇದನ್ನು ಮಾಡುತ್ತೇವೆ. ರುಚಿಯಲ್ಲಿ ವ್ಯತ್ಯಾಸವುಂಟು; ಕ್ರಮದಲ್ಲಿಲ್ಲ. ಅನ್ನಕ್ಕೂ ಜೋಳದ ರೊಟ್ಟಿಗೂ ಇದು ಚೆನ್ನಾಗಿ ಹೊಂದುತ್ತದೆ.

ಹಬ್ಬದ ದೊಡ್ಡ ಅಡಿಗೆಯ ಹೊಣೆ ಹೊರುವವರಿಗೆ ಇನ್ನೊಂದು ಮಾತು. ಮಾಂಸವಾಗಲಿ ಕಾಳಾಗಲಿ, ದೊಡ್ಡ ಹಂಡೆಯಲ್ಲಿ ಬೇಯಿಸಿದ್ದು ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿದರೆ ಅದರೊಳಗೆ ರೋಗಾಣುಗಳು ಬೆಳೆಯುತ್ತವೆ. ಮಿಕ್ಕದ್ದನ್ನು ಅಗಲವಾದ ಚಿಕ್ಕ ಪಾತ್ರೆಗಳಿಗೆ ಹಂಚಿ, ಎರಡು ಗಂಟೆಗಳೊಳಗೆ ತಣ್ಣಗಿನ ಸ್ಥಳಕ್ಕೆ ಸೇರಿಸಬೇಕು. ಮತ್ತೆ ಬಡಿಸುವ ಮುನ್ನ ಚೆನ್ನಾಗಿ ಕುದಿಸಬೇಕು. ಬೆಚ್ಚಗೆ ಮಾಡಿದರೆ ಸಾಲದು.

ಪ್ರಿಯ ಬಂಧುಗಳೇ, ನಮ್ಮ ಮಾತು ಮುಗಿಯಿತು. ನಮ್ಮ ಧರ್ಮಕೇಂದ್ರದಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದ್ರೋಗಗಳಿಲ್ಲದ ಮನೆಗಳು ವಿರಳ. ಅಂದರೆ ಬಹಳಷ್ಟು ಮನೆಗಳಲ್ಲಿ ಒಂದು ಚಿಕ್ಕ ಪಾತ್ರೆಯುಂಟು. ಕಿಟಕಿಯ ಬಳಿ ಕುಳಿತು ಉಣ್ಣುವವರೂ ಉಂಟು. ರೋಗಿಗೆ ಹಿತವಾದದ್ದು ಆರೋಗ್ಯವಂತರಿಗೆ ಅಹಿತವಲ್ಲ. ದೊಡ್ಡ ಪಾತ್ರೆಯ ಕೊಬ್ಬನ್ನೂ ಉಪ್ಪನ್ನೂ ತಗ್ಗಿಸಿ, ಕಾಳನ್ನು ಹೆಚ್ಚಿಸಿ, ಚೆನ್ನಾಗಿ ಕುದಿಸಿದರೆ ಚಿಕ್ಕ ಪಾತ್ರೆಯ ಅಗತ್ಯವೇ ಬೀಳುವುದಿಲ್ಲ. ಕಳೆದ ಕ್ರಿಸ್ತಜಯಂತಿಯಂದು ನಮ್ಮ ಮನೆಯಲ್ಲಿ ಒಂದೇ ಪಾತ್ರೆ ಒಲೆಯ ಮೇಲಿತ್ತು. ಕಿಟಕಿಯ ಬಳಿಯ ಕುರ್ಚಿಯನ್ನು ಎಳೆದು ತಂದು ಮೇಜಿಗೆ ಸೇರಿಸಿದ್ದೆವು. ಅಂದು ರಾತ್ರಿ ಅಡಿಗೆಮನೆಯಿಂದ ಯಾವ ಮುಚ್ಚಳದ ಸದ್ದೂ ಕೇಳಿಸಲಿಲ್ಲ.

 ತಮ್ಮ ಮನೆಗಳ ಪಂಕ್ತಿಗಳು ಮುರಿಯದಿರಲಿ. ದೇವರು ತಮ್ಮೆಲ್ಲರನ್ನೂ ಹರಸಲಿ.